ಎರಡನೇ ಕೌಂಟರಿನ ಸ್ಟೂಲು

ಶಹಾಪುರದ ಬಸ್ ನಿಲ್ದಾಣದಿಂದ ಭೀಮರಾಯನಗುಡಿ ಕಡೆ ಹೊರಟರೆ ಎಡಕ್ಕೆ ಭಗವಂತರಾಯರ ಮಾರ್ಟ್ ಸಿಗುತ್ತದೆ. ಕೆಳಗೆ ಕಿರಾಣಿ, ಕಾಯಿಪಲ್ಲೆ, ಸೋಪು, ಎಣ್ಣೆ; ಮೇಲಿನ ಅಂತಸ್ತಿನಲ್ಲಿ ಪಾತ್ರೆ, ಪ್ಲಾಸ್ಟಿಕ್ ಸಾಮಾನು, ಮಕ್ಕಳ ಬಟ್ಟೆ. ಬಾಗಿಲ ಹತ್ತಿರ ಎರಡು ಬಿಲ್ಲಿಂಗ್ ಕೌಂಟರು. ಮೊದಲನೆಯದರಲ್ಲಿ ಪರಿಮಳಾ ನಿಲ್ಲುತ್ತಿದ್ದಳು, ಎರಡನೆಯದರಲ್ಲಿ ಸಾಬೇರಾ.

ನಿಲ್ಲುತ್ತಿದ್ದಳು ಅನ್ನುವುದು ಬರೀ ಮಾತಿಗೆ ಹೇಳಿದ್ದಲ್ಲ. ಮುಂಜಾನೆ ಒಂಬತ್ತೂವರೆಗೆ ಶಟರ್ ಎತ್ತಿದರೆ ಸಂಜೆ ಏಳರ ತನಕ, ನಡುವೆ ಊಟದ ಅರ್ಧ ತಾಸು ಬಿಟ್ಟು, ಆಕೆ ಕೂರುವಂತಿರಲಿಲ್ಲ. ಹಾಗೆಂದು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಕೌಂಟರಿನ ಹಿಂದೆ ಕುರ್ಚಿ ಇರಲಿಲ್ಲ, ಅಷ್ಟೆ.

ಸಾಬೇರಾಳಿಗೆ ಮೂವತ್ತಾರು ವಯಸ್ಸು. ಪಿಯುಸಿವರೆಗೆ ಓದಿದ್ದಳು. ಗಂಡ ವಹಾಬ ಬಡಗಿ. ಮನೆಯ ಮುಂದಿನ ಪಡಸಾಲೆಯೇ ಅವನ ಕಾರ್ಖಾನೆ. ಮಗಳು ನುಜ್ಹತ ಹತ್ತನೇ ತರಗತಿ. ಮಾರ್ಟ್ ತೆರೆದ ವರ್ಷವೇ ಸಾಬೇರಾ ಕೆಲಸಕ್ಕೆ ಸೇರಿದ್ದಳು. ಲೆಕ್ಕದಲ್ಲಿ ಚುರುಕು, ಬೆರಳು ಇನ್ನೂ ಚುರುಕು. ಉಳ್ಳಾಗಡ್ಡಿಯಿಂದ ಹಿಡಿದು ಒಣ ದ್ರಾಕ್ಷಿಯವರೆಗೆ ತೂಕದ ಸಾಮಾನುಗಳ ಕೋಡ್ ಎಲ್ಲ ಬಾಯಿಪಾಠ. ಕೆಲಸ ಆಕೆಗೆ ಸೇರುತ್ತಿತ್ತು ಕೂಡ. ಸೇರದೆ ಇದ್ದದ್ದು ಕೆಲಸದ ಸುತ್ತ ಬರುವ ಉಳಿದ ಸಂಗತಿಗಳು.

ಒಬ್ಬ ಕಚೇರಿಯ ಮನುಷ್ಯ ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡು ಬಂದು ಸಾಮಾನು ಕೌಂಟರಿನ ಮೇಲೆ ಸುರಿಯುತ್ತಾನೆ. "ಚೀಲ ಬೇಕೇನ್ರಿ?" ಎಂದು ಸಾಬೇರಾ ಕೇಳುತ್ತಾಳೆ. "ಬ್ಯಾಡ ಬ್ಯಾಡ, ನಾಳಿ ನಾನ ಬಂದು ಒಯ್ತೀನಿ" ಅನ್ನುತ್ತಾನೆ. ಆಕೆ ಬಿಲ್ಲು ಮುಗಿಸಿ ಚೀಟಿ ಕೊಟ್ಟರೆ, "ಇಷ್ಟೂ ಸಾಮಾನು ಏನು ತಲಿ ಮ್ಯಾಲ ಹೊತ್ಕೊಂಡು ಹೋಗ್ಲೇನು? ಚೀಲ ಎಲ್ಲಿ?" ಎಂದು ಜೋರು ಮಾಡುತ್ತಾನೆ. ನಾಳೆ ಬಂದು ಒಯ್ಯುತ್ತೇನೆ ಅಂದದ್ದು ಫೋನಿನಲ್ಲಿದ್ದವರಿಗೆ ಎಂದು ಆಗ ತಿಳಿಯುತ್ತದೆ. ಇನ್ನೊಬ್ಬಾಕೆ ಅರ್ಧ ಬಿಲ್ಲು ಆದ ಮೇಲೆ "ಒಂದ್ ನಿಮಿಷ ತಂಗಿ, ಸಾಸಿವಿ ಮರ್ತೆ" ಎಂದು ಒಳಗೆ ಹೋದವಳು, ಮೇಲಿನ ಅಂತಸ್ತಿನ ಸ್ಟೀಲ್ ಡಬ್ಬಿಗಳನ್ನೂ ನೋಡಿಕೊಂಡು ಬರುತ್ತಾಳೆ. ಹಿಂದೆ ನಿಂತವರು ಬೈಯುವುದು ಸಾಬೇರಾಳನ್ನು. ನೆಟ್‌ವರ್ಕ್ ಇಲ್ಲದೆ ಫೋನಿನಿಂದ ಹಣ ಬರದಿದ್ದರೆ ಅದೂ ಸಾಬೇರಾಳದೇ ತಪ್ಪು.

ಎಲ್ಲಕ್ಕಿಂತ ಹೆಚ್ಚಿನ ತಕರಾರು ದರದ ಚೀಟಿಯದು. ಹೊಸ ಮಾಲು ಬಂದಾಗ ಭಗವಂತರಾಯರು ತಮ್ಮ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ದರ ಬದಲಿಸುತ್ತಿದ್ದರು. ರ‍್ಯಾಕಿಗೆ ಅಂಟಿಸಿದ ಚೀಟಿ ಮಾತ್ರ ಹಳೆಯದೇ ಉಳಿಯುತ್ತಿತ್ತು. ಅದನ್ನು ಬದಲಿಸುವ ಕೆಲಸ ಯಾರದು ಎಂದು ಯಾರೂ ಹೇಳಿರಲಿಲ್ಲ. ಅಲ್ಲಿ ತೊಂಬತ್ತೆಂಟು ಎಂದು ಓದಿಕೊಂಡು ಬಂದ ಗಿರಾಕಿಗೆ ಇಲ್ಲಿ ನೂರಾ ಹನ್ನೆರಡು ಬಂದರೆ ಸಿಟ್ಟು ಬರದೆ ಇರುತ್ತದೆಯೇ? ಆ ಸಿಟ್ಟಿಗೆ ಹತ್ತಿರದಲ್ಲಿ ಸಿಗುವ ಮುಖ ಸಾಬೇರಾಳದೇ.

ಇದನ್ನೆಲ್ಲ ಆಕೆ ಸಹಿಸಿಕೊಳ್ಳುತ್ತಿದ್ದಳು. ಎರಡು ಗಂಟೆಯವರೆಗೆ ನಗುತ್ತಲೇ ಸಹಿಸಿಕೊಳ್ಳುತ್ತಿದ್ದಳು. ನಾಲ್ಕು ಗಂಟೆಯ ನಂತರ ಹಿಮ್ಮಡಿಯಿಂದ ಒಂದು ಉರಿ ಹತ್ತಿ ಮೊಣಕಾಲಿಗೆ, ಅಲ್ಲಿಂದ ಸೊಂಟಕ್ಕೆ ಏರುತ್ತಿತ್ತು. ಆಗ ಚಪ್ಪಲಿ ಬಿಟ್ಟು, ಒಂದು ಪಾದವನ್ನು ಇನ್ನೊಂದರ ಮೇಲಿಟ್ಟು, ಸ್ವಲ್ಪ ಹೊತ್ತಿಗೊಮ್ಮೆ ಕಾಲು ಬದಲಿಸುತ್ತ ಬಿಲ್ಲು ಹೊಡೆಯುತ್ತಿದ್ದಳು. ಆ ಹೊತ್ತಿನಲ್ಲಿ ಯಾರಾದರೂ ಒಂದು ಮಾತು ಹೆಚ್ಚು ಆಡಿದರೆ ಕಣ್ಣಲ್ಲಿ ನೀರು ಬಂದುಬಿಡುತ್ತಿತ್ತು. ಮಾತು ಹತ್ತಿದ್ದಕ್ಕೋ ಕಾಲು ನೊಂದದ್ದಕ್ಕೋ ಆಕೆಗೇ ತಿಳಿಯುತ್ತಿರಲಿಲ್ಲ.

ಕುರ್ಚಿ ಬೇಕೆಂದು ಮೂರು ಸಲ ಕೇಳಿದಳು. ಮೊದಲ ಸಲ ಭಗವಂತರಾಯರು ನಕ್ಕರು. ಎರಡನೇ ಸಲ "ನೋಡೋಣಂತ" ಅಂದರು. ಮೂರನೇ ಸಲ ಕೋಣೆಗೆ ಕರೆದು ಸಮಾಧಾನದಿಂದಲೇ ವಿವರಿಸಿದರು.

"ನೋಡವ್ವ, ನಾ ಹೈದ್ರಾಬಾದಿನ್ಯಾಗ ದೊಡ್ಡ ದೊಡ್ಡ ಮಾಲ್ ನೋಡಿ ಬಂದೀನಿ. ಒಬ್ಬಾಕಿನೂ ಕುಂತಿದ್ದು ಕಾಣಲಿಲ್ಲ. ಗಿರಾಕಿ ನಿಂತಾಗ ನಾವು ಕುಂತ್ರ ಅವರಿಗೆ ಇಜ್ಜತ್ ಕೊಟ್ಟಂಗ ಆಗಂಗಿಲ್ಲ."

ಭಗವಂತರಾಯರ ತಂದೆ ಹಳೇ ಬಜಾರಿನ ಕಿರಾಣಿ ಅಂಗಡಿಯಲ್ಲಿ ನಲವತ್ತು ವರ್ಷ ಗಾದಿಯ ಮೇಲೆ ಲೋಡುದಿಂಬಿಗೆ ಒರಗಿ ಕೂತೇ ವ್ಯಾಪಾರ ಮಾಡಿದವರು. ಸಾಬೇರಾ ಚಿಕ್ಕವಳಿದ್ದಾಗ ಅಲ್ಲಿಂದಲೇ ಬೆಲ್ಲ ತರುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ತಡೆದು ಕೌಂಟರಿಗೆ ಮರಳಿದಳು.

ಮರುದಿನ ಮನೆಯಿಂದ ನುಜ್ಹತ ಓದಲು ಕೂರುವ ಪ್ಲಾಸ್ಟಿಕ್ ಸ್ಟೂಲನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಗಿರಾಕಿ ಇಲ್ಲದ ಹೊತ್ತು ನೋಡಿ ಕೂತಳು. ಆ ಸ್ಟೂಲು ಗಿಡ್ಡ, ಕೌಂಟರು ಎತ್ತರ. ಕೂತರೆ ಆಕೆಯ ಕಣ್ಣಿನ ಮುಂದೆ ಹಣದ ಗಲ್ಲೆಯ ಕೀಲಿಯ ರಂಧ್ರ. ಆಹಾ ಎಂದು ಕಾಲು ಚಾಚಿದ್ದೇ ತಡ, ಕೌಂಟರಿನ ಆಚೆಯಿಂದ ಯಾರೋ ಕೂಗಿದರು: "ಯಾರದೀರಿ? ಈ ಕೌಂಟರ್ ಬಂದ್ ಏನು?"

ದಡಬಡಿಸಿ ಎದ್ದಳು. ಭಗವಂತರಾಯರು ಅಲ್ಲೇ ಎಣ್ಣೆ ಡಬ್ಬಿಗಳ ಹತ್ತಿರ ನಿಂತಿದ್ದರು. ಸಿಟ್ಟಾಗಲಿಲ್ಲ. "ನೋಡ್ದೇನವ್ವ, ಕುಂತ್ರ ನೀ ಕಾಣಂಗೇ ಇಲ್ಲ" ಎಂದರು. ಸ್ಟೂಲನ್ನು ಗೋದಾಮಿಗೆ ಕಳಿಸಿದರು.

ಅಂದು ಸಂಜೆ ಮನೆಯಲ್ಲಿ ನುಜ್ಹತ ಬಿಸಿನೀರಿಗೆ ಉಪ್ಪು ಹಾಕಿ ತಂದಿಟ್ಟಳು. ಸಾಬೇರಾ ಪಾದ ಮುಳುಗಿಸಿ ಕೂತಳು. ಬಾಗಿಲ ಚೌಕಟ್ಟನ್ನು ನಯ ಮಾಡಲು ರಂದಾ ಹೊಡೆಯುತ್ತಿದ್ದ ವಹಾಬ ಕೈ ನಿಲ್ಲಿಸಿ ನೋಡಿದ. ಮನೆಯಲ್ಲಿ ಅವರ ಮಾತು ದಖ್ನಿ ಉರ್ದುವಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು.

"ಏನಂದ್ರು ನಿಮ್ಮ ಸಾವ್ಕಾರ್ರು?"

"ಕುಂತ್ರ ಕಾಣಂಗಿಲ್ಲ ಅಂದ್ರು."

"ಕಂಡ್ರ?"

"ಏನು ಕಂಡ್ರ?"

"ಕುಂತೂ ಕಂಡ್ರ ಏನಂತಾರ?"

ಸಾಬೇರಾಳಿಗೆ ಅರ್ಥವಾಗಲಿಲ್ಲ. ವಹಾಬ ಬಂದು ಆಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ನೀರಿನಲ್ಲಿ ಮುಳುಗಿದ ಪಾದಗಳನ್ನು ಸ್ವಲ್ಪ ಹೊತ್ತು ನೋಡಿದ. "ಕೌಂಟರ್ ಎಷ್ಟು ಎತ್ತರ ಅದ?" ಎಂದು ಕೇಳಿದ. ಆಕೆ ಹೊಟ್ಟೆಯ ಹತ್ತಿರ ಕೈ ಹಿಡಿದು ತೋರಿಸಿದಳು.

"ಹಂಗ ಹೇಳಿದ್ರ ಬಾಗಲಾ ಮಾಡಾಕ ಆಗ್ತದೇನು? ಗೇಣು ಹೇಳು."

"ನಾ ಏನು ಅಳದು ನೋಡೀನೇನು? ನೀವ ಬಂದು ನೋಡ್ರಿ."

ವಹಾಬ ಆ ಮಾರ್ಟಿಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಹೆಂಡತಿ ಜನರ ಮುಂದೆ ಬೈಸಿಕೊಳ್ಳುವುದನ್ನು ಕಣ್ಣಾರೆ ನೋಡುವುದು ಬೇಡ ಎಂದೋ ಏನೋ, ಮನೆಗೆ ಬೇಕಾದದ್ದನ್ನು ಓಣಿಯ ಅಂಗಡಿಯಲ್ಲೇ ತರುತ್ತಿದ್ದ. ಮರುದಿನ ಹನ್ನೊಂದು ಗಂಟೆಗೆ ಬಂದ. ಅಂಗಿಯ ತೋಳಿನಲ್ಲಿ ಇನ್ನೂ ಕಟ್ಟಿಗೆಯ ಹೊಟ್ಟು ಅಂಟಿತ್ತು. ಇಡೀ ಅಂಗಡಿ ಒಂದು ಸುತ್ತು ಹಾಕಿ, ಒಂದೇ ಒಂದು ಕಡ್ಡಿಪೆಟ್ಟಿಗೆ ಹಿಡಿದುಕೊಂಡು, ಎರಡನೇ ಕೌಂಟರಿನ ಸಾಲಿನಲ್ಲಿ ಯಾರೋ ಅನ್ನುವಂತೆ ನಿಂತ.

ಸಾಬೇರಾ ನೋಡಿದಳು. ಗಂಟಲಿನವರೆಗೆ ಬಂದ ನಗುವನ್ನು ನುಂಗಿದಳು. ಅವನ ಸರದಿ ಬಂತು.

"ಚೀಲ ಬೇಕೇನ್ರಿ?"

"ಕಡ್ಡಿಪೆಟ್ಟಿಗಿಗೆ ಚೀಲ ಯಾಕ್ರಿ ಮೇಡಂ?"

ಹೀಗೆ ಅನ್ನುತ್ತಲೇ ಅವನ ಬಲಗೈ ಕೌಂಟರಿನ ಅಂಚಿನಿಂದ ನೆಲದ ಕಡೆ ಗೇಣು ಹಾಕುತ್ತ ಇಳಿಯಿತು. ಬಗ್ಗಿ ಕೊನೆಯ ಗೇಣು ಹಾಕುವಾಗ ಹಿಂದೆ ಭಗವಂತರಾಯರ ಧ್ವನಿ ಕೇಳಿಸಿತು.

"ಏನ್ರಿ ಯಜಮಾನ್ರ, ಏನು ಅಳ್ಯಾಕತ್ತೀರಿ?"

ವಹಾಬ ನಿಧಾನವಾಗಿ ಎದ್ದು ನಿಂತ. "ಈ ಕೌಂಟರಿನ ಕಲ್ಲು ಛಲೋ ಅದರಿ. ನಮ್ಮ ಮನ್ಯಾಗ ಅಡಿಗಿ ಕಟ್ಟಿಗೆ ಇಂಥಾದ ಹಾಕ್ಸ್ರಿ ಅಂತ ಮನ್ಯಾಕಿ ಗಂಟು ಬಿದ್ದಾಳ."

ಭಗವಂತರಾಯರಿಗೆ ಖುಷಿಯಾಯಿತು. ಆ ಕಲ್ಲು ಇಳಕಲ್ಲಿನದು, ತಾವೇ ಹೋಗಿ ಆರಿಸಿ ತಂದದ್ದು, ಹೊಳಪು ಹೋಗದಂತೆ ಹೇಗೆ ಒರೆಸಬೇಕು ಎಂದೆಲ್ಲ ಹೇಳಿದರು. ವಹಾಬ ಎಲ್ಲದಕ್ಕೂ ಹೌದ್ರಿ, ಹೌದ್ರಿ ಎಂದ. ಹೋಗುವಾಗ ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಮುಂದಿನ ಗಿರಾಕಿಯ ಗೋಧಿ ಹಿಟ್ಟನ್ನು ಸಾಬೇರಾ ಎರಡು ಸಲ ಸ್ಕ್ಯಾನ್ ಮಾಡಿ, ಒಂದನ್ನು ಅಳಿಸಬೇಕಾಯಿತು.

ಸಂಜೆ ವಹಾಬ ಆಕೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಪೆನ್ಸಿಲಿನಿಂದ ತಲೆಯ ಹತ್ತಿರ ಒಂದು ಗೀಟು, ಭುಜದ ಹತ್ತಿರ ಒಂದು ಗೀಟು ಎಳೆದ. ಆಮೇಲೆ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಕೂರಿಸಿ, ಭುಜ ಅದೇ ಗೀಟಿಗೆ ಬರುವವರೆಗೆ ತುಂಡು ಸೇರಿಸುತ್ತಾ ಹೋದ. ನುಜ್ಹತ ಬಿದ್ದು ಬಿದ್ದು ನಕ್ಕಳು. ಎರಡು ದಿನಗಳಲ್ಲಿ ಸ್ಟೂಲು ಸಿದ್ಧವಾಯಿತು. ಯಾವುದೋ ಹಳೆಯ ಚೌಕಟ್ಟಿನಿಂದ ಉಳಿದ ಸಾಗವಾನಿ. ಉದ್ದನೆಯ ನಾಲ್ಕು ಕಾಲು, ಪಾದ ಊರಲು ಸರಿಯಾದ ಎತ್ತರದಲ್ಲಿ ಅಡ್ಡಪಟ್ಟಿ, ಕೂರುವ ಹಲಗೆಯ ನಡುವೆ ಸಣ್ಣ ತಗ್ಗು. ಒಂದೂ ಮೊಳೆ ಇರಲಿಲ್ಲ. ಎಳೆದರೆ ಸದ್ದಾಗದಿರಲಿ ಎಂದು ಕಾಲುಗಳಿಗೆ ಹಳೆಯ ಟೈರಿನ ತುಂಡು ಅಂಟಿಸಿದ್ದ.

"ಇದರ ಮ್ಯಾಲ ಕುಂತ್ರ ನಿಂತಂಗ ಕಾಣ್ತಿ" ಎಂದ.

ಭಗವಂತರಾಯರು ಮಾರ್ಟಿಗೆ ಬರುತ್ತಿದ್ದದ್ದು ಹತ್ತೂವರೆಗೆ. ಅದಕ್ಕೂ ಮೊದಲೇ ಪರಿಮಳಾ, ಸಾಬೇರಾ ಇಬ್ಬರೂ ಸೇರಿ ಸ್ಟೂಲನ್ನು ಒಳಗೆ ಸೇರಿಸಿ, ಎರಡನೇ ಕೌಂಟರಿನ ಹಿಂದೆ ನಿಲ್ಲಿಸಿದರು. ಸಾಬೇರಾ ಏರಿ ಕೂತಳು. ಪರಿಮಳಾ ಗಿರಾಕಿ ನಿಲ್ಲುವ ಕಡೆ ಹೋಗಿ ನೋಡಿದಳು. ಅತ್ತ ಸರಿದು ನೋಡಿದಳು, ಇತ್ತ ಸರಿದು ನೋಡಿದಳು.

"ಅಕ್ಕಾ, ಈಗ ಕುಂತೀರೇನು ನಿಂತೀರಿ?"

"ಕುಂತೀನಿ."

"ಬಿಲಕುಲ್ ಗೊತ್ತಾಗಂಗಿಲ್ಲ!"

ಹತ್ತೂವರೆಗೆ ಭಗವಂತರಾಯರು ಬಂದರು. ದಿನದಂತೆ ಎರಡೂ ಕೌಂಟರಿನ ಮುಂದೆ ಹಾದು, ಸಾಬೇರಾಳ ನಮಸ್ಕಾರಕ್ಕೆ ತಲೆಯಾಡಿಸಿ ಕೋಣೆಗೆ ಹೋದರು. ಅವರ ಕೋಣೆಯ ಸಿಸಿ ಕ್ಯಾಮೆರಾ ಟಿವಿಯಲ್ಲಿ ಕೌಂಟರಿನದೆಂದು ಕಾಣುತ್ತಿದ್ದದ್ದು ಗಲ್ಲೆ ಮತ್ತು ಗಲ್ಲೆಯ ಮೇಲಿನ ಎರಡು ಕೈ. ಆ ಕೈಗಳು ಕೂತವರದೋ ನಿಂತವರದೋ ಯಾರಿಗೆ ಗೊತ್ತು?

ಹೀಗೆ ಹನ್ನೊಂದು ದಿನ ನಡೆಯಿತು. ಊಟದ ನಂತರ ಸಾಬೇರಾ, ಪರಿಮಳಾ ಕೌಂಟರು ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಒಬ್ಬೊಬ್ಬರಿಗೆ ಅರ್ಧ ದಿನ ಸ್ಟೂಲು. ಅರ್ಧ ದಿನ ಕೂತರೆ ಉಳಿದ ಅರ್ಧ ದಿನ ನಿಲ್ಲುವುದು ಕಷ್ಟವೇ ಅಲ್ಲ ಎಂದು ಸಾಬೇರಾಳಿಗೆ ತಿಳಿದದ್ದು ಆಗಲೇ. ಗಿರಾಕಿಗಳು ಮೊದಲಿನಂತೆಯೇ ಇದ್ದರು. ಚೀಲ ಬೇಡ ಎಂದು ಆಮೇಲೆ ಚೀಲಕ್ಕೆ ಜಗಳ ತೆಗೆಯುವವರು, ಸಾಸಿವೆ ಮರೆತವರು, ಹೀಗೆ. ಆದರೆ ಸಂಜೆ ಐದಕ್ಕೆ ಅವರ ಮಾತು ಆಕೆಗೆ ಮುಂಜಾನೆ ಹತ್ತರ ಮಾತಿನಷ್ಟೇ ಹಗುರವಾಗಿ ಕೇಳುತ್ತಿತ್ತು. ಎಂಟನೇ ದಿನ ಭಗವಂತರಾಯರೇ, "ಈಗೀಗ ಈ ಸಾಲು ಜಲ್ದಿ ಸರ್ಯಾಕತ್ತದ ನೋಡು. ಹಿಂಗೇ ಇರ್ಲಿ" ಎಂದು ಹೊಗಳಿ ಹೋದರು.

ಹನ್ನೊಂದನೇ ದಿನ ಹಣಮಂತ್ರಾಯರು ಬಂದರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಹಿರಿಯರು. ವಾರಕ್ಕೊಮ್ಮೆ ಕೈಯಲ್ಲಿ ಬರೆದ ಪಟ್ಟಿ ಹಿಡಿದು ಬಂದು, ಪ್ರತಿ ಸಾಮಾನಿನ ಮುಂದೆ ರ‍್ಯಾಕಿನ ದರ ಬರೆದುಕೊಂಡು, ಕೌಂಟರಿನಲ್ಲಿ ತಾಳೆ ನೋಡುವವರು. ಶೇಂಗಾ ಎಣ್ಣೆಯ ದರ ಹದಿನಾಲ್ಕು ರೂಪಾಯಿ ಹೆಚ್ಚು ಬಂತು.

"ಅಲ್ಲಿ ಒಂದು, ಇಲ್ಲಿ ಒಂದು. ಇದು ಯಾವ ಲೆಕ್ಕ?"

"ಹೊಸ ಮಾಲು ಬಂದದರಿ. ಚೀಟಿ ಬದಲ್ ಆಗಿಲ್ಲ. ಬ್ಯಾಡ ಅಂದ್ರ ಈ ಡಬ್ಬಿ ತಗೀತೀನ್ರಿ."

"ತಗ್ಯೂದು ಯಾಕ? ಬರದಿದ್ದ ದರಕ್ಕ ಕೊಡು. ಮಂದಿಗೆ ಓದಾಕ ಬರಂಗಿಲ್ಲ ಅಂತ ತಿಳ್ದೀರೇನು?"

ಅವರ ಧ್ವನಿ ಏರುತ್ತಾ ಹೋಯಿತು. ಸಾಬೇರಾ ಅಷ್ಟೇ ಮೆತ್ತಗೆ ಉತ್ತರ ಕೊಡುತ್ತಾ ಹೋದಳು. "ತೋರ್ಸಿಲ್ಲೆ ನಿನ್ನ ಕಂಪ್ಯೂಟರ್" ಎಂದು ಹಣಮಂತ್ರಾಯರು ಪರದೆಯನ್ನು ತಮ್ಮ ಕಡೆ ತಿರುಗಿಸಲು ಕೌಂಟರಿನ ಮೇಲೆ ಪೂರಾ ಬಗ್ಗಿದರು. ಬಗ್ಗಿದವರು ಹಾಗೆಯೇ ನಿಂತುಬಿಟ್ಟರು.

"ಅಯ್ಯಯ್ಯ! ನೀ ಕುಂತೀ ಏನು? ಇಷ್ಟೊತ್ತು ನಾ ಇಲ್ಲಿ ನಿಂತು ಒದರಾಕತ್ತೀನಿ, ನೀ ಕುಂತು ಕೇಳಾಕತ್ತೀ?"

ಸಾಲಿನಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ಅದರಿಂದ ಹಣಮಂತ್ರಾಯರ ಮುಖ ಇನ್ನೂ ಕೆಂಪಾಯಿತು. ಗದ್ದಲ ಕೇಳಿ ಭಗವಂತರಾಯರು ಬಂದರು. ಕೌಂಟರಿನ ಹಿಂದೆ ಸುತ್ತಿ ಬಂದು ಸ್ಟೂಲನ್ನು, ಅದರ ಮೇಲಿಂದ ಇಳಿದು ನಿಂತ ಸಾಬೇರಾಳನ್ನು ನೋಡಿದರು.

"ಎಂದಿನಿಂದ ಕುಂದ್ರಾಕತ್ತಿ?"

"ಹನ್ನೊಂದು ದಿನ ಆತ್ರಿ."

"ನನಗ ಹೇಳ್ದಂಗ?"

"ಮೂರು ಸಲ ಕೇಳಿದ್ನಲ್ರಿ ಸಾವ್ಕಾರ್ರ."

ಭಗವಂತರಾಯರು ಹಣಮಂತ್ರಾಯರ ಕಡೆ ತಿರುಗಿ ಕೈಜೋಡಿಸಿ, "ತಪ್ಪಾತ್ರಿ. ಹುಡುಗಿದು ತಪ್ಪು. ನಿಮ್ಮ ದರಕ್ಕ ಒಯ್ರಿ" ಎಂದರು. ಆಮೇಲೆ ತಾವೇ ಸ್ಟೂಲನ್ನು ಎತ್ತಿಕೊಂಡು ಕೋಣೆಗೆ ಹೋದರು.

ಸಾಬೇರಾ ನಿಂತು ಉಳಿದ ಸಾಮಾನಿನ ಬಿಲ್ಲು ಮಾಡಿದಳು. ಹಣಮಂತ್ರಾಯರು ಚೀಟಿಯನ್ನು ಪಟ್ಟಿಗೆ ತಾಳೆ ನೋಡಿ ಹೋದರು. ಮುಂದಿನ ಗಿರಾಕಿ ಬಂದ, ಅವನ ಹಿಂದಿನವಳು ಬಂದಳು. ಸ್ಟೂಲು ಹೋದದ್ದಕ್ಕೆ ಆಕೆಗೆ ಅಷ್ಟು ಬೇಸರವಾಗಲಿಲ್ಲ. ಅದು ಒಂದಲ್ಲ ಒಂದು ದಿನ ಹೋಗುವುದೇ ಎಂದು ಗೊತ್ತಿತ್ತು. ಹುಡುಗಿಯದು ತಪ್ಪು ಎಂಬ ಮಾತು ಮಾತ್ರ ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡು ಕೂತಿತು. ಯಾವ ತಪ್ಪು? ಕೂತದ್ದೋ, ಎಣ್ಣೆಯ ದರವೋ?

ಏಳು ಗಂಟೆಗೆ ಗಲ್ಲೆ ಒಪ್ಪಿಸಿ ಕೋಣೆಗೆ ಹೋದಳು.

"ಸಾವ್ಕಾರ್ರ, ಈ ಸ್ಟೂಲು ನಮ್ಮ ಮನಿಯವರು ಮಾಡ್ಯಾರ. ಇದನ್ನ ಮನಿಗೆ ಒಯ್ತೀನಿ."

"ಒಯ್ಯವ್ವ. ಯಾರು ಬ್ಯಾಡ ಅಂತಾರ?"

"ನಾಳಿಯಿಂದ ನಾನೂ ಬರಂಗಿಲ್ರಿ."

ಜಗಳದ ಧ್ವನಿ ಅದಾಗಿರಲಿಲ್ಲ. ನಾಳೆ ಹಾಲಿನ ಗಾಡಿ ತಡ ಅಂತ ಹೇಳುವವಳಂತೆ ಹೇಳಿದಳು. ಭಗವಂತರಾಯರು ತಲೆ ಎತ್ತಿ ನೋಡುವಷ್ಟರಲ್ಲಿ ಸ್ಟೂಲನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲು ದಾಟಿದ್ದಳು. ಓಣಿಯ ತಿರುವಿನಲ್ಲಿ ಪರಿಚಯದ ಒಬ್ಬಾಕೆ, "ಹೊಸಾದು ತಗೊಂಡ್ರೇನು ಆಪಾ?" ಎಂದು ಕೇಳಿದಳು. "ಇಲ್ಲ, ಮನೀದ" ಎಂದಳು ಸಾಬೇರಾ.

ವಹಾಬ ಏಕೆ, ಏನು ಎಂದು ಕೇಳಲಿಲ್ಲ. ಸ್ಟೂಲನ್ನು ಇಸಿದುಕೊಂಡು ಪಡಸಾಲೆಯಲ್ಲಿ ಇಟ್ಟ. "ಛಲೋ ಮಾಡ್ದಿ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಫಿಕರ್ ಮಾಡಬ್ಯಾಡ" ಎಂದೂ ಹೇಳಿದ. ಫಿಕರ್ ಇಬ್ಬರಿಗೂ ಇತ್ತು.

ಮರುದಿನ ಬೆಳಗ್ಗೆ ಸಾಬೇರಾಳಿಗೆ ಹೊತ್ತು ಹೋಗಲಿಲ್ಲ. ಮನೆ ಎರಡು ಸಲ ಗುಡಿಸಿದಳು. ಪಲ್ಯಕ್ಕೆ ಉಳ್ಳಾಗಡ್ಡಿ ಕೈಗೆ ತೆಗೆದುಕೊಂಡರೆ ನೂರಾ ಹನ್ನೊಂದು, ಬೆಳ್ಳುಳ್ಳಿ ತೆಗೆದುಕೊಂಡರೆ ನೂರಾ ಹದಿನೆಂಟು ಎಂದು ಕೋಡ್ ತಾವಾಗಿಯೇ ನೆನಪಾಗುತ್ತಿದ್ದವು. ಮಧ್ಯಾಹ್ನ ಪರಿಮಳಾ ಫೋನ್ ಮಾಡಿದಳು. ಪಿಸುಮಾತಿನಲ್ಲಿದ್ದರೂ ನಗು ತಡೆಯಲಾಗುತ್ತಿರಲಿಲ್ಲ.

"ಅಕ್ಕಾ, ನಿಮ್ಮ ಕೌಂಟರಿನ್ಯಾಗ ಸಾವ್ಕಾರ್ರ ನಿಂತಾರ. ಕೋಡ್ ಗೊತ್ತಿಲ್ಲ, ಏನಿಲ್ಲ. ಉಳ್ಳಾಗಡ್ಡಿಗೆ ಬಾದಾಮಿ ರೇಟ್ ಹೊಡ್ದಾರ. ಆ ಹೆಣ್ಮಗಳು ಚೀಟಿ ನೋಡಿ ಎದಿ ಹಿಡ್ಕೊಂಡ್ಲು."

ಸಾಬೇರಾಳಿಗೂ ನಗು ಬಂತು. ಫೋನ್ ಇಟ್ಟ ಮೇಲೆ ಆ ಉಳ್ಳಾಗಡ್ಡಿಯ ಹೆಣ್ಣುಮಗಳ ಬಿಲ್ಲು ಸರಿ ಮಾಡಿದರೋ ಇಲ್ಲವೋ ಎಂದು ಯೋಚನೆಯಾಯಿತು.

ಮೂರನೇ ದಿನ ಮುಂಜಾನೆ ಎಂಟರ ಸುಮಾರಿಗೆ ಓಣಿಯಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ಭಗವಂತರಾಯರು ಪಡಸಾಲೆಯ ಮುಂದೆ ನಿಂತಿದ್ದರು. ವಹಾಬನನ್ನು ನೋಡಿ ಮೊದಲು ಗುರುತು ಹತ್ತಲಿಲ್ಲ. ಆಮೇಲೆ ಹತ್ತಿತು.

"ಕಡ್ಡಿಪೆಟ್ಟಿಗಿ ಒಯ್ದವ್ರು ನೀವ ಅಲ್ಲೇನ್ರಿ?"

"ಹೌದ್ರಿ. ಬರ್ರಿ, ಕುಂದರ್ರಿ."

ಕೂರಲು ಅಲ್ಲಿದ್ದದ್ದು ಆ ಎತ್ತರದ ಸ್ಟೂಲು, ಇಲ್ಲವೆ ಮರದ ದಿಮ್ಮಿ. ಭಗವಂತರಾಯರು ಎರಡನ್ನೂ ನೋಡಿ ದಿಮ್ಮಿಯ ಮೇಲೆ ಕೂತರು. ಸಾಬೇರಾ ಚಹಾ ತಂದು ಕೊಟ್ಟು ಬಾಗಿಲ ಹತ್ತಿರ ನಿಂತಳು. ಅವರು ಊದಿ ಊದಿ ಅರ್ಧ ಚಹಾ ಕುಡಿದರು.

"ಎರಡು ದಿನ ನಾನ ನಿಂತೆ" ಎಂದರು ಭಗವಂತರಾಯರು ಕೊನೆಗೆ. "ನಿನ್ನಿ ಸುರಪುರ ಕಡಿಂದ ಒಬ್ಬಾಕಿ ಬಂದಿದ್ಲು. ಸೋಪಿನ ದರ ಚೀಟಿಯಾಗ ಬ್ಯಾರೆ, ಬಿಲ್ಲಿನ್ಯಾಗ ಬ್ಯಾರೆ. ಎಲ್ಲಾರ ಮುಂದ ನನಗ 'ಏ ಅಣ್ಣ, ಕಳ್ಳ ಧಂದಾ ಮಾಡ್ತೀರೇನು' ಅಂದ್ಲು. ನಾನ ಮಾಲಕ ಅಂತ ಹೇಳಾಕ ನಾಚಿಗಿ ಬಂತು."

"ಆಮ್ಯಾಲ?" ಎಂದು ಕೇಳಿದಳು ಸಾಬೇರಾ.

"ಆಮ್ಯಾಲ ಏನು? ಕೇಳ್ಕೊಂಡೆ." ಅವರು ಬಗ್ಗಿ ತಮ್ಮ ಹಿಮ್ಮಡಿ ಒತ್ತಿಕೊಂಡರು. "ಕಾಲು ಹಿಂಗ ಉರೀತಾವ ಅಂತ ನೀ ಹೇಳಲೇ ಇಲ್ಲಲ್ಲ."

"ಹೇಳಿದ್ನಿರಿ. ನೀವು ಹೈದ್ರಾಬಾದಿನ ಮಾತು ಹೇಳಿದ್ರಿ."

ವಹಾಬ ರಂದಾ ಎತ್ತಿಕೊಂಡು, ಹೊಡೆಯಬೇಕೋ ಬೇಡವೋ ಎಂದು ಯೋಚಿಸಿ ಮತ್ತೆ ಕೆಳಗಿಟ್ಟ. ಸಾಬೇರಾ ಎರಡು ದಿನದಿಂದ ಹಲ್ಲಿನ ಸಂದಿಯಲ್ಲಿದ್ದ ಮಾತನ್ನು ತೆಗೆದಳು.

"ಹಣಮಂತ್ರಾಯರ ಮುಂದ ತಪ್ಪು ನಂದು ಅಂದ್ರಿ ಸಾವ್ಕಾರ್ರ."

"ಅಂದೆ." ಭಗವಂತರಾಯರು ಕಾಲ ಹತ್ತಿರದ ಕಟ್ಟಿಗೆಯ ಹೊಟ್ಟನ್ನು ನೋಡುತ್ತ ಕೂತರು. "ತಪ್ಪು ಕಂಪ್ಯೂಟರಿಂದು ಇತ್ತು."

"ಕಂಪ್ಯೂಟರ್ ಯಾರದ್ರಿ?"

ಭಗವಂತರಾಯರು ತಲೆ ಎತ್ತಿದರು. ಸಿಟ್ಟು ಬಂತೇನೋ ಎಂದು ಸಾಬೇರಾ ಹೆದರಿದಳು. ಆದರೆ ಅವರು ಚಹಾದ ಕೊನೆಯ ಗುಟುಕು ಕುಡಿದು, "ನಂದವ್ವ, ನಂದ" ಎಂದರು. ವಹಾಬನ ಕಡೆ ತಿರುಗಿದರು. "ಇಂಥಾ ಸ್ಟೂಲು ಇನ್ನೊಂದು ಬೇಕು. ಪರಿಮಳಾಗ. ಇದರದೂ ರೊಕ್ಕ ನಾನ ಕೊಡ್ತೀನಿ."

"ಮಾಡೋಣ್ರಿ. ಆ ಹುಡುಗಿ ಜರಾ ಉದ್ದ ಅದಾಳ, ಅಳತಿ ಬ್ಯಾರೆ ಬೇಕಾಗ್ತದ."

"ಮತ್ತ ಗೇಣು ಹಾಕಾಕ ಬರ್ತೀರೇನು?"

"ಈ ಸಲ ಟೇಪು ತರ್ತೀನ್ರಿ" ಎಂದ ವಹಾಬ. ಆಗ ಮೂವರೂ ನಕ್ಕರು.

ಸಾಬೇರಾ ನಗು ಮುಗಿಯಲೆಂದು ಕಾದಳು. "ಸ್ಟೂಲು ಒಂದ ಆದ್ರ ಸಾಲಂಗಿಲ್ರಿ. ದರ ರಾತ್ರಿ ಬದಲ್ ಮಾಡ್ರಿ, ಮರುದಿನ ಶಟರ್ ಅರ್ಧ ತಾಸು ತಡ ಮಾಡಿ ತಗೀರಿ. ನಾನೂ ಪರಿಮಳಾನೂ ಚೀಟಿ ಬದಲ್ ಮಾಡ್ತೀವಿ. ಕುಂತು ಬೈಸ್ಕೊಂಡ್ರೂ ಬೈಗಳ ಬೈಗಳನ."

ಅರ್ಧ ತಾಸಿನ ವ್ಯಾಪಾರ ಹೋಗುತ್ತದೆ ಎಂದು ಭಗವಂತರಾಯರು ಸ್ವಲ್ಪ ಎಳೆದಾಡಿದರು. ಕಾಲು ತಾಸಿಗೆ ಇಳಿಸಲು ನೋಡಿದರು. ಕಾಲು ತಾಸಿನಲ್ಲಿ ಒಂದು ರ‍್ಯಾಕೂ ಮುಗಿಯುವುದಿಲ್ಲ ಎಂದು ಸಾಬೇರಾ ರ‍್ಯಾಕುಗಳ ಹೆಸರು ಹಿಡಿದು ಲೆಕ್ಕ ಕೊಟ್ಟಳು. ಕೊನೆಗೆ ಒಪ್ಪಿದರು. ಎದ್ದು ಹೊರಡುವಾಗ, ಪೂರಾ ಸೋತಂತೆ ಆಗಬಾರದೆಂದೋ ಏನೋ, ತಮ್ಮದೂ ಒಂದು ಷರತ್ತು ಹಾಕಿದರು.

"ಆದ್ರ ದೊಡ್ಡ ಗಿರಾಕಿ ಬಂದಾಗ ಎದ್ದು ನಿಂದ್ರಬೇಕು ನೋಡು."

"ನಿಂದರ್ತೀನ್ರಿ. ಯಾರು ದೊಡ್ಡವ್ರು ಅಂತ ನನಗ ಹೆಂಗ ತಿಳೀಬೇಕು?"

ಭಗವಂತರಾಯರು ಯೋಚಿಸಿದರು. "ನಾ ಕೆಮ್ಮತೀನಿ."

ಸಾಬೇರಾ ಸ್ಟೂಲಿನೊಂದಿಗೆ ಮರಳಿದ ಮೊದಲ ದಿನ ಅವರು ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಬ್ಯಾಂಕಿನ ಮ್ಯಾನೇಜರ ಬಂದಾಗ ಕೆಮ್ಮಿದರು, ಸಾಬೇರಾ ಎದ್ದಳು. ಗುತ್ತೇದಾರರೊಬ್ಬರು ಬಂದಾಗ ಕೆಮ್ಮಿದರು. ಕಾಲೇಜಿನ ಮೇಷ್ಟ್ರು ಬಂದರು, ಅವರ ಹಿಂದೆಯೇ ಆಸ್ಪತ್ರೆಯ ಡಾಕ್ಟರ ಹೆಂಡತಿ, ಅವರ ಹಿಂದೆ ಭಗವಂತರಾಯರದೇ ಬೀಗರು, ಅವರ ಹಿಂದೆ ತನ್ನ ಕೆಲಸಗಾರರಿಗೆಲ್ಲ ಇಡೀ ತಿಂಗಳ ಸಾಮಾನು ಒಯ್ಯಲು ಬಂದ ಕೆಂಭಾವಿಯ ಮೇಸ್ತ್ರಿ. ಯಾರಿಗೆ ಕೆಮ್ಮುವುದು, ಯಾರಿಗೆ ಬಿಡುವುದು? ಸಂಜೆಯೊಳಗೆ ಅವರ ಗಂಟಲು ನಿಜವಾಗಿಯೇ ಕಟ್ಟಿತು. "ಔಷಧಿ ತಗೋರಿ ಸಾವ್ಕಾರ್ರ" ಎಂದು ಪರಿಮಳಾ ಗಂಭೀರವಾಗಿ ಹೇಳಿದಳು. ಮೂರನೇ ದಿನದಿಂದ ಕೆಮ್ಮು ನಿಂತಿತು.

ಆ ವಾರದ ಕೊನೆಗೆ ಒಬ್ಬ ಮುದುಕಿ ಬಂದಳು. ಮುದುಕಮ್ಮ ಎಂದೇ ಹೆಸರು; ತಿಂಥಣಿಯ ಕಡೆಯವಳು, ಹೆರಿಗೆಗೆ ಬಂದ ಮಗಳಿಗೆ ಬೇಕಾದದ್ದನ್ನು ಕೊಳ್ಳಲು ಬಂದಿದ್ದಳು. ಬುಟ್ಟಿಯ ತುಂಬ ಬಾಣಂತಿಯ ಅಂಟಿನುಂಡೆಗೆ ಬೇಕಾದ ಬೆಲ್ಲ, ಕೊಬ್ಬರಿ, ಅಂಟು, ಉತ್ತುತ್ತಿ. ಕೌಂಟರಿನ ಹತ್ತಿರ ಬಂದವಳಿಗೆ ಬುಟ್ಟಿಯನ್ನು ಕಲ್ಲಿನ ಮೇಲೆ ಎತ್ತಿಡಲಾಗಲಿಲ್ಲ. ಒಂದು ಸಲ ಪ್ರಯತ್ನಿಸಿ, ಕೆಳಗಿಟ್ಟು, ಸುಮ್ಮನೆ ನಿಂತುಕೊಂಡಳು.

ಯಾರೂ ಕೆಮ್ಮಲಿಲ್ಲ. ಭಗವಂತರಾಯರು ಅಂದು ಯಾದಗಿರಿಗೆ ಹೋಗಿದ್ದರು. ಸಾಬೇರಾ ಸ್ಟೂಲಿನಿಂದ ಇಳಿದು, ಕೌಂಟರು ಸುತ್ತಿ ಬಂದು ಬುಟ್ಟಿ ಎತ್ತಿ ಕಲ್ಲಿನ ಮೇಲಿಟ್ಟಳು.

"ಯಾವಾಗ ಹೆರಿಗಿ ಆತ್ರಿ ಅವ್ವ?"

"ಸೋಮಾರ ಆತವ್ವ. ಹೆಣ್ಣು ಕೂಸು. ಏನು ಕೂದಲಾ ಅಂತೀ, ಇಷ್ಟುದ್ದ!"

"ಛಲೋ ಆತು ಬಿಡ್ರಿ" ಎಂದು ಸಾಬೇರಾ ತನ್ನ ಜಾಗಕ್ಕೆ ಹೋಗಿ ಕೂತಳು. ಬೆಲ್ಲದ ಅಚ್ಚನ್ನು ತೂಕಕ್ಕಿಟ್ಟು ಕೋಡ್ ಒತ್ತಿದಳು. ಮುದುಕಮ್ಮ ಕೂಸಿನ ಮೂಗು ಯಾರಂತಿದೆ, ಬಣ್ಣ ಯಾರಂತಿದೆ ಎಂದು ಹೇಳುತ್ತ ಹೋದಳು. ಹಿಂದಿನ ಸಾಲಿನಲ್ಲಿ ಒಬ್ಬರು, ಜಲ್ದಿ ಆಗ್ಲಿ ಎಂದರು. ಸಾಬೇರಾ ಅವರತ್ತ ನೋಡಿ ಆತ್ರಿ, ಆತ್ರಿ ಎಂದು, ಉತ್ತುತ್ತಿಯ ಪೊಟ್ಟಣ ಕೈಗೆ ತೆಗೆದುಕೊಂಡಳು.